ಗೋಡೆ ತೊಳೆಯುವ ಮುನ್ನ

ನವೆಂಬರ್ 4

ಭಾವನವರಿಗೆ ನಮಸ್ಕಾರ.

ಇಲ್ಲಿ ನಾವು ಚೆನ್ನಾಗಿದ್ದೇವೆ. ನಿಮ್ಮ ಕ್ಷೇಮ ವಿಚಾರಿಸುವ ಮುಖ ನನಗಿದೆಯೋ ಇಲ್ಲವೋ ತಿಳಿಯದು, ಆದರೂ ವಿಚಾರಿಸುತ್ತಿದ್ದೇನೆ. ಬಣ್ಣದ ಅಂಗಡಿಯ ಯಜಮಾನರಿಂದ ನಿಮ್ಮ ವಿಳಾಸ ಸಿಕ್ಕಿತು. ಮೊದಲು ನೀವು ಪಾಠ ಹೇಳುವ ತರಬೇತಿ ಕೇಂದ್ರಕ್ಕೆ ಫೋನ್ ಮಾಡಿದ್ದೆ. ಎತ್ತಿದವರು, "ಮೇಷ್ಟ್ರಿಗೆ ಕಿವಿ ಕೇಳ್ಸಲ್ಲ, ಏನಿದ್ರೂ ಬರೆದು ಕಳ್ಸಿ" ಎಂದರು. ಕಿವಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಈ ಐದು ವರ್ಷದಲ್ಲಿ ಗೊತ್ತಾಗದೆ ಹೋದದ್ದು ಇನ್ನೇನೇನಿದೆಯೋ.

ವಿಷಯಕ್ಕೆ ಬರುತ್ತೇನೆ. ನಾವೊಂದು ಮನೆ ಕೊಂಡಿದ್ದೇವೆ. ಬೀದಿಯ ಮೂಲೆಯ ಮನೆ, ಅರವತ್ತು ವರ್ಷದ್ದಂತೆ. ಒಳಗೆ ಗಾಳಿ ಬೆಳಕಿಗೆ ಕೊರತೆಯಿಲ್ಲ. ಹೊರಗೆ ನಿಂತು ನೋಡಿದರೆ ಮಾತ್ರ ಹುಟ್ಟಿದಾಗಿನಿಂದ ಮುಖ ತೊಳೆಯದ ಮನೆ. ಮುಂದಿನ ಗೋಡೆಗೆ ಮೇಲಿನಿಂದ ಕೆಳಕ್ಕೆ ಕಪ್ಪು ಇಳಿದಿದೆ. ಅಡುಗೆಮನೆಯ ಕಡೆ ಬರೀ ಇಟ್ಟಿಗೆ, ಅದರ ಮೇಲೆ ಬೂದಿ ಎರಚಿದ ಹಾಗೆ ಬಿಳಿ ಪುಡಿ. ಆಮೇಲೆ ಕಟ್ಟಿದ ಪಶ್ಚಿಮದ ಕೋಣೆಗೆ ಹಸಿರು ಪಾಚಿ.

ಒಬ್ಬೊಬ್ಬರದು ಒಂದೊಂದು ಮದ್ದು. ನಮ್ಮ ಮನೆಯವರು ಬಸ್ ಡಿಪೋದಲ್ಲಿ ದಿನಾ ಬಸ್ಸು ತೊಳೆಯುವುದನ್ನು ನೋಡುವವರು. ಪ್ರೆಷರ್ ಮಷಿನ್ ತರಿಸಿದರೆ ಒಂದು ಬೆಳಿಗ್ಗೆಯ ಕೆಲಸ ಎನ್ನುತ್ತಾರೆ. ಎದುರುಮನೆಯ ಟೈಲರ್ ಅಮ್ಮ ಬ್ಲೀಚಿಂಗ್ ಪೌಡರ್ ಎನ್ನುತ್ತಾರೆ. ನಲ್ಲಿ ರಿಪೇರಿಗೆ ಬಂದವನು, ಆಸಿಡ್ ಹಾಕಿದರೆ ಇಟ್ಟಿಗೆ ನಿನ್ನೆ ಸುಟ್ಟ ಹಾಗೆ ಆಗುತ್ತದೆ ಎಂದು ಆಣೆ ಇಟ್ಟ. ಮೂವರೂ ಹೇಳಿದ್ದು ಪರಿಹಾರ. ಕಾಯಿಲೆ ಏನೆಂದು ಒಬ್ಬರೂ ಕೇಳಲಿಲ್ಲ. ನಾನು ದಿನವಿಡೀ ರಕ್ತ ಪರೀಕ್ಷೆ ಮಾಡುವವಳು, ಪರೀಕ್ಷೆಯಿಲ್ಲದೆ ಮದ್ದು ಕೊಟ್ಟರೆ ನನಗೆ ಮೈ ಉರಿಯುತ್ತದೆ. ಮುಂದಿನ ಗೋಡೆಯ ಕಪ್ಪನ್ನು ಬ್ಲೇಡಿನಿಂದ ಕೆರೆದು, ಲ್ಯಾಬಿಗೆ ಒಯ್ದು, ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದೆ. ಅದು ಮಸಿಯಲ್ಲ ಭಾವ, ಜೀವ ಇರುವಂಥದ್ದು. ದಾರದ ಹಾಗೆ, ಗಂಟು ಗಂಟಾಗಿ, ಒಂದರ ಬಾಲಕ್ಕೆ ಒಂದು. ನೋಡುತ್ತ ಕೂತು ಊಟದ ಹೊತ್ತು ಮೀರಿತು.

ಗೋಡೆ ತೊಳೆಯುವ ಈ ವಿದ್ಯೆ ನನಗೆ ಗೊತ್ತಿರುವವರಲ್ಲಿ ನಿಮಗಿದ್ದಷ್ಟು ಯಾರಿಗೂ ಇಲ್ಲ. ಉತ್ತರ ಬರೆಯುವ ಮನಸ್ಸಿಲ್ಲದಿದ್ದರೆ ಬೇಡ, ನನಗೆ ಅರ್ಥವಾಗುತ್ತದೆ.

ಇಂತಿ,
ನಿಮ್ಮ ನಾದಿನಿ


ನವೆಂಬರ್ 15

ನಾದಿನಿಗೆ,

ಕಾಗದ ತಲುಪಿತು.

ಮಷಿನ್ ಬೇಡ. ಆಸಿಡ್ ಅಂದವನನ್ನು ಗೇಟಿನ ಒಳಗೆ ಬಿಡಬೇಡ. ಬ್ಲೀಚಿಂಗ್ ಪೌಡರ್ ಎಲ್ಲಿಗೆ ಎಂದು ಆಮೇಲೆ ಹೇಳುತ್ತೇನೆ.

ಕೊಳೆ ಏನೆಂದು ನೋಡಿದ್ದೀಯ, ಸರಿ. ಕೊಳೆ ಕೂತಿರುವ ಗೋಡೆ ಏನೆಂದು ನೋಡಿಲ್ಲ. ಮೂರು ಪರೀಕ್ಷೆ ಮಾಡು. ಒಂದು, ನಾಣ್ಯದಿಂದ ಗೋಡೆಯನ್ನು ಅಡಿಗೊಂದು ಸಲ ತಟ್ಟುತ್ತ ಹೋಗು. ಗಟ್ಟಿ ಸದ್ದೋ, ಪೊಳ್ಳು ಸದ್ದೋ? ಎರಡು, ಒಂದು ಚಮಚ ನೀರು ಎರಚು. ಜಾರುತ್ತದೋ, ಗೋಡೆ ಕುಡಿಯುತ್ತದೋ? ಮೂರು, ಮರೆಯಲ್ಲಿರುವ ಜಾಗದಲ್ಲಿ ಮೊಳೆಯಿಂದ ಗೀರು. ಸುಲಭವಾಗಿ ಬಿಳಿ ಪುಡಿ ಉದುರಿದರೆ ಸುಣ್ಣದ ಗಾರೆ, ಮೊಳೆಯೇ ಜಾರಿದರೆ ಸಿಮೆಂಟು.

ಬರೆದು ಕಳಿಸು. ಅಲ್ಲಿಯವರೆಗೆ ಯಾವುದನ್ನೂ ಮುಟ್ಟಬೇಡ.

ಭಾವ


ನವೆಂಬರ್ 29

ಭಾವನವರಿಗೆ,

ನಿಮ್ಮ ಅಕ್ಷರ ನೋಡಿ ಖುಷಿಯಾಯಿತು. ಅಂಗಡಿಗೆ ಚೀಟಿ ಬರೆದ ಹಾಗಿತ್ತು, ಆದರೂ.

ಎರಡು ಭಾನುವಾರ ಮನೆ ಸುತ್ತಿದೆ. ಒಂದು ಕೈಯಲ್ಲಿ ನಾಣ್ಯ, ಇನ್ನೊಂದರಲ್ಲಿ ಚಮಚ, ಕಿವಿ ಗೋಡೆಗೆ. ಟೈಲರ್ ಅಮ್ಮ ತಮ್ಮ ಮೆಷಿನ್ ನಿಲ್ಲಿಸಿ, ಗೋಡೆಯೊಳಗೆ ಯಾರಾದರೂ ಇದ್ದಾರಾ ಎಂದು ಕೇಳಿದರಂತೆ, ನಮ್ಮ ಮನೆಯವರ ಹತ್ತಿರ. ಇವರು, "ಇಲ್ಲಮ್ಮ, ಗೋಡೆಗೆ ಕೆಮ್ಮು, ಎದೆ ಪರೀಕ್ಷೆ ಮಾಡ್ತಿದ್ದಾಳೆ" ಎಂದರಂತೆ.

ನನ್ನ ವರದಿ ಇದು. ಪಶ್ಚಿಮದ ಕೋಣೆ ಸಿಮೆಂಟು, ಮೇಲೆ ಬಣ್ಣ, ನೀರು ಜಾರುತ್ತದೆ. ಮುಂದಿನ ಗೋಡೆ ನೀರು ಮುಟ್ಟಿಸಿದ ತಕ್ಷಣ ಹೀರಿತು, ಬಾಯಾರಿ ಕೂತವರ ಹಾಗೆ. ಗೀರಿದರೆ ಬಿಳಿ ಪುಡಿ. ಉತ್ತರದ ಗೋಡೆಯೂ ಹಾಗೆಯೇ, ಆದರೆ ಕಿಟಕಿಯ ಪಕ್ಕ ಒಂದು ಚಾಪೆಯಗಲ ಜಾಗ ತಟ್ಟಿದರೆ ಡಬ್ಬದ ಸದ್ದು. ಸೀಮೆಸುಣ್ಣದಿಂದ ಅದರ ಸುತ್ತ ಗೆರೆ ಎಳೆದಿದ್ದೇನೆ. ಆ ಜಾಗಕ್ಕೆ ಮಷಿನ್ ಹಿಡಿದಿದ್ದರೆ ಏನಾಗುತ್ತಿತ್ತೆಂದು ಊಹಿಸಿದೆ.

ಇಟ್ಟಿಗೆಯ ಮೇಲಿನ ಬಿಳಿ ಪುಡಿ ಉಪ್ಪು. ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಸರಿ, ನೆಕ್ಕಿ ನೋಡಿದೆ.

ಇನ್ನೊಂದಿದೆ, ಅದೇ ನನ್ನ ತಲೆ ತಿನ್ನುತ್ತಿರುವುದು. ಹಿತ್ತಲ ಬಾಗಿಲಿನ ಪಕ್ಕ, ಮೆಟ್ಟಿಲ ಹತ್ತಿರ, ಇಟ್ಟಿಗೆಯ ಮೇಲೆ ತಟ್ಟೆಯಗಲದ ಒಂದು ಕಲೆ. ಕಪ್ಪಲ್ಲ, ಹಸಿರಲ್ಲ, ಕಂದು, ಸ್ವಲ್ಪ ಹೊಳಪು. ನೀರು ಹಾಕಿದರೆ ಅಲ್ಲಿ ಮಾತ್ರ ಮಣಿಯಾಗಿ ನಿಲ್ಲುತ್ತದೆ. ಪಾಚಿಯಲ್ಲ, ತುಕ್ಕಲ್ಲ, ಹೊಗೆಯೂ ಅಲ್ಲ. ಮತ್ತೇನು?

ನಿಮ್ಮ ನಾದಿನಿ


ಡಿಸೆಂಬರ್ 12

ಪ್ರಶ್ನೆಪತ್ರಿಕೆಗೆ,

ಹಳೆಯ ಹೆಸರು ಕೈಗೆ ಬಂತು, ಬರೆದೆ. ಮದುವೆಯ ವಾರದಲ್ಲೇ ನೀನು ನನ್ನನ್ನು ಸಿಮೆಂಟು ಯಾಕೆ ಬೂದು ಬಣ್ಣ ಎಂದು ಕೇಳಿದವಳು. ಆಗಲೂ ಉತ್ತರ ಗೊತ್ತಿರಲಿಲ್ಲ, ಈಗಲೂ ಇಲ್ಲ.

ಗೋಡೆ ನೆಕ್ಕಿದವರಲ್ಲಿ ನೀನು ಮೊದಲನೆಯವಳಲ್ಲ. ನಾನೂ ನೆಕ್ಕಿದ್ದೇನೆ. ಅದನ್ನು ಕಂಡು ನಿನ್ನ ಅಕ್ಕ ಒಂದು ವಾರ ನನಗೆ ಸಾರಿನಲ್ಲಿ ಉಪ್ಪು ಹಾಕದೆ...

ಇರಲಿ. ಕೆಲಸಕ್ಕೆ ಬರೋಣ.

ಒಂದೇ ಮನೆ ಎಂದು ಒಂದೇ ಮದ್ದು ಇಲ್ಲ. ಪಶ್ಚಿಮದ ಸಿಮೆಂಟು ಗೋಡೆ ಗಟ್ಟಿಗ. ಅದಕ್ಕೆ ಟೈಲರ್ ಅಮ್ಮನ ಬ್ಲೀಚಿಂಗ್ ಪೌಡರನ್ನು ತೆಳುವಾಗಿ ಕಲಸಿ, ಕೆಳಗಿನಿಂದ ಮೇಲಕ್ಕೆ ಬಳಿ. ಮೇಲಿನಿಂದ ಬಳಿದರೆ ಇಳಿದ ಗೆರೆಗಳು ಹಾಗೇ ನಿಲ್ಲುತ್ತವೆ. ಕಾಲು ಗಂಟೆ ಬಿಟ್ಟು ಮೇಲಿನಿಂದ ಕೆಳಕ್ಕೆ ತೊಳೆ. ನನ್ನ ಷಡ್ಡಕನಿಗೆ ಮಷಿನ್ ಆಸೆ ತೀರದಿದ್ದರೆ ಅಲ್ಲಿ ಹಿಡಿಯಲಿ, ಒತ್ತಡ ತಗ್ಗಿಸಿ, ಗೋಡೆಯಿಂದ ಎರಡು ಮಾರು ದೂರ ನಿಂತು.

ಮುಂದಿನ ಗೋಡೆ ಸುಣ್ಣದ್ದು, ಮೆತ್ತನೆಯದು. ಅದಕ್ಕೆ ತಣ್ಣೀರು, ನಾರಿನ ಬ್ರಷ್, ನಿನ್ನ ಕೈ. ಬೇರೇನೂ ಬೇಡ. ಮೊದಲು ಮೂಲೆಯಲ್ಲಿ ಅಂಗೈಯಗಲ ತೊಳೆದು ಒಂದು ವಾರ ಬಿಟ್ಟು ನೋಡು. ಗೋಡೆ ಒಣಗಿದ ಮೇಲೆ ನಿಜ ಹೇಳುತ್ತದೆ, ಒದ್ದೆಯಿದ್ದಾಗ ಎಲ್ಲ ಗೋಡೆಯೂ ಚೆಂದ.

ಇಟ್ಟಿಗೆಯ ಉಪ್ಪಿಗೆ ನೀರು ಸೋಕಿಸಬೇಡ. ತೊಳೆದರೆ ಉಪ್ಪು ಕರಗಿ ಒಳಗೆ ಹೋಗಿ ಮತ್ತೆ ಬರುತ್ತದೆ. ಒಣ ಬ್ರಷ್ಷಿನಿಂದ ಗುಡಿಸು. ಎಲ್ಲಿಂದಲೋ ಗೋಡೆಗೆ ತೇವ ಏರುತ್ತಿದೆ. ಅದನ್ನು ಹುಡುಕು.

ಉತ್ತರದ ಪೊಳ್ಳು ಜಾಗವನ್ನು ತೊಳೆಯುವ ಮಾತೇ ಇಲ್ಲ. ಅದನ್ನು ಕಿತ್ತು ಹೊಸ ಗಾರೆ ಕೂರಿಸಬೇಕು.

ಹಿತ್ತಲ ಕಲೆಯ ಎತ್ತರ ಅಳೆದು ತಿಳಿಸು. ಮೆಟ್ಟಿಲ ಮೇಲೆ ಕೂತು ಅಳೆ, ನಿಂತು ಅಲ್ಲ.

ಭಾವ


ಜನವರಿ 8

ಭಾವ,

ಮೆಟ್ಟಿಲ ಮೇಲೆ ಕೂತೆ. ಅಳತೆಪಟ್ಟಿ ಬೇಕಾಗಲಿಲ್ಲ. ಹಿಂದಕ್ಕೆ ಒರಗಿದೆ ಅಷ್ಟೆ, ಆ ಕಲೆ ಸರಿಯಾಗಿ ನನ್ನ ತಲೆಯ ಹಿಂದೆ ಬಂತು.

ತಟ್ಟನೆ ಎದ್ದುಬಿಟ್ಟೆ, ಯಾರದೋ ಜಾಗದಲ್ಲಿ ಕೂತವಳ ಹಾಗೆ. ತಲೆಯ ಎಣ್ಣೆ. ಒಂದು ತಲೆ ಎಷ್ಟು ವರ್ಷ ಒರಗಿದರೆ ಇಟ್ಟಿಗೆ ಇಷ್ಟು ಕುಡಿಯುತ್ತದೆ? ಬಲಗಡೆ ಕೆಳಗೆ ಇನ್ನೊಂದು ಚಿಕ್ಕ ಕಲೆಯಿದೆ, ನಿಂಬೆಹಣ್ಣಿನಷ್ಟು. ಏಳುವಾಗ ಕೈ ಊರಿದ ಜಾಗ ಇರಬೇಕು.

ಟೈಲರ್ ಅಮ್ಮನನ್ನು ಕೇಳಿದೆ. ಮೊದಲಿದ್ದವರ ಮನೆಯ ಅಜ್ಜಿ ಅಲ್ಲಿ ಕೂರುತ್ತಿದ್ದರಂತೆ, ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೆ. ಇದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ; ಬಾಯಲ್ಲಿ ಗುಂಡುಸೂಜಿಗಳಿದ್ದವು. ಮನೆ ಮಾರಿದ್ದು ಆ ಅಜ್ಜಿಯ ಮಗಳು, ಇದೇ ಊರಿನ ಆ ತುದಿಯಲ್ಲಿ ಪುಸ್ತಕಕ್ಕೆ ಬೈಂಡಿಂಗ್ ಹಾಕುವವರು. ಅವರನ್ನು ಕೇಳದೆ ಕಲೆಯನ್ನು ಮುಟ್ಟಬಾರದು ಎಂದು ನನಗೆ. ಇವರಿಗೆ ನಗು. ಕ್ರಯಪತ್ರದಲ್ಲಿ ಕಲೆಯೂ ಸೇರಿದೆ ಎನ್ನುತ್ತಾರೆ.

ಉಪ್ಪಿನ ಮೂಲ ಸಿಕ್ಕಿತು. ಗಿಡ ನೆಡಲು ಗೋಡೆಗೆ ಒತ್ತಿ ಮೊಣಕಾಲೆತ್ತರ ಮಣ್ಣು ಪೇರಿಸಿದ್ದರು. ಗಿಡ ಸತ್ತಿದೆ, ಮಣ್ಣು ಹಾಗೇ ಇದೆ, ಅದರ ತೇವವೆಲ್ಲ ಗೋಡೆಗೆ. ಎರಡು ದಿನ ಸಲಿಕೆ ಹಿಡಿದು ಎಳೆದು ಹಾಕಿದೆವು. ಮುಂದಿನ ಗೋಡೆಯ ಮೂಲೆಯಲ್ಲಿ ಅಂಗೈಯಗಲ ತೊಳೆದಿದ್ದೇನೆ. ಒಣಗಿದ ಮೇಲೆ ಹೊರಬಂದ ಬಣ್ಣ ಹಾಲಿನ ಕೆನೆಯದು. ದಿನಾ ಕೆಲಸಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನೋಡುತ್ತೇನೆ.

ಈ ಕಾಗದವನ್ನು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪ್ರಶ್ನೆಪತ್ರಿಕೆ ಎಂದು ಕರೆದವರು ನೀವೇ.

ಅಕ್ಕ ಹೋದ ನಾಲ್ಕನೆಯ ದಿನ ನಾನು ನಿಮ್ಮ ಮನೆಗೆ ಬಂದಾಗ ನೀವು ಬೀದಿಯಲ್ಲಿ ನಿಂತು ಮಷಿನ್ ಹಿಡಿದು ಗೋಡೆ ತೊಳೆಯುತ್ತಿದ್ದಿರಿ. ಅವಳು ಹಬ್ಬಿಸಿದ್ದ ಬಳ್ಳಿ ಕಿತ್ತು ಬಿದ್ದಿತ್ತು. ನಾನು ಒಂದು ಮಾತು ಆಡಿ ಹಾಗೇ ತಿರುಗಿ ಹೋದೆ. ಆಮೇಲೆ ನೀವು ಮನೆ ಮಾರಿ ಊರು ಬಿಟ್ಟಿರಿ. ಆ ಗೋಡೆಯೂ ಸುಣ್ಣದ್ದೇ, ಅಕ್ಕ ಹೇಳಿದ್ದಳು. ಹಾಗೆಂದರೇನೆಂದು ಆಗ ನನಗೆ ತಿಳಿದಿರಲಿಲ್ಲ. ಈಗ ನಿಮ್ಮ ಕಾಗದಗಳಿಂದಲೇ ತಿಳಿಯಿತು. ಸುಣ್ಣದ ಗೋಡೆಗೆ ಮಷಿನ್ ಹಿಡಿಯಬಾರದೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಹಾಗಾದರೆ ಅವತ್ತು ಯಾಕೆ ಹಿಡಿದಿರಿ?

ಪ್ರಶ್ನೆಪತ್ರಿಕೆ


ಫೆಬ್ರವರಿ 20

ಭಾವ,

ಆರು ವಾರವಾಯಿತು, ನಿಮ್ಮಿಂದ ಕಾಗದವಿಲ್ಲ. ಕೇಳಬಾರದ್ದನ್ನು ಕೇಳಿದೆನೇನೋ. ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ, ಆದ್ದರಿಂದ ಗೋಡೆಯ ಸಮಾಚಾರ ಮಾತ್ರ ಬರೆಯುತ್ತೇನೆ.

ಇವರು ನನಗೆ ಹೇಳದೆ ಮಷಿನ್‌ನವನನ್ನು ಕರೆಸಿಯೇಬಿಟ್ಟರು. ಕೆಲಸದಿಂದ ಬಂದಾಗ ಮುಂದಿನ ಗೋಡೆಯ ಎದುರು ಕೊಳವೆ ಬಿಚ್ಚುತ್ತಿದ್ದ. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಬಿಡಿ ಅಮ್ಮ, ಇಂಥ ನೂರು ಗೋಡೆ ತೊಳೆದಿದ್ದೇನೆ ಎಂದ. ಹಾಗಾದರೆ ಇದು ಯಾವ ಗಾರೆ ಹೇಳಿ ಎಂದೆ. ಗಾರೆ ಅಂದರೆ ಗಾರೆ ಎಂದ. ಅವನಿಗೆ ಕಾಫಿ ಕೊಟ್ಟು ಪಶ್ಚಿಮಕ್ಕೆ ಕರೆದೊಯ್ದು ನಿಮ್ಮ ಅಳತೆಯ ದೂರದಲ್ಲಿ ನಿಲ್ಲಿಸಿದೆ. ಪಾಚಿ ಹೋಗಿ ಆ ಕೋಣೆ ಈಗ ಎಷ್ಟು ಬೆಳ್ಳಗಿದೆಯೆಂದರೆ ಉಳಿದ ಮನೆ ಅದರ ಪಕ್ಕದಲ್ಲಿ ನಾಚಿಕೊಂಡಿದೆ. ಮುಂದಿನ ಗೋಡೆಯನ್ನು ನಾನೇ ದಿನಕ್ಕೆ ಒಂದು ಗಜದಂತೆ ಉಜ್ಜುತ್ತಿದ್ದೇನೆ. ಈಗೀಗ ಇವರೂ ಬಂದು ಬಕೆಟ್ ತುಂಬಿ ಕೊಡುತ್ತಾರೆ.

ಬೈಂಡಿಂಗ್‌ನವರನ್ನು ನೋಡಿ ಬಂದೆ. ಪುಟ್ಟ ಅಂಗಡಿ, ಅಂಟಿನ ವಾಸನೆ, ಒತ್ತುಹಲಗೆಗಳ ನಡುವೆ ಯಾವುದೋ ದಪ್ಪ ಪುಸ್ತಕ. ಹಿತ್ತಲ ಕಲೆಯ ವಿಷಯ ಹೇಳಿದೆ. ತೊಳೆಯಲು ಮನಸ್ಸು ಬರುತ್ತಿಲ್ಲ, ನಿಮ್ಮ ತಾಯಿಯ ಗುರುತಲ್ಲವೇ, ಹಾಗೇ ಉಳಿಸಲು ನಾವು ಸಿದ್ಧ ಎಂದೆ. ಅವರು ಕೈಯ ಅಂಟು ಒರೆಸಿಕೊಂಡು ನನ್ನ ಮುಖ ನೋಡಿದರು.

"ಅಮ್ಮ ಅಲ್ಲಿ ಆಸೆ ಪಟ್ಟು ಕೂರ್ತಿರಲಿಲ್ಲ," ಎಂದರು. "ಅವಳ ಕೆಮ್ಮು ಒಳಗಿದ್ದೋರಿಗೆ ಆಗ್ತಿರಲಿಲ್ಲ. ಹನ್ನೊಂದು ವರ್ಷ ಹಗಲೆಲ್ಲ ಆ ಮೆಟ್ಟಿಲ ಮೇಲಿಟ್ಟರು. ನಾನು ಬಂದಾಗೆಲ್ಲ ಅವಳಿಗಿಂತ ಮೊದಲು ಆ ಕಲೆ ಕಣ್ಣಿಗೆ ಬೀಳ್ತಿತ್ತು. ತೊಳೆದುಬಿಡಿ. ನಿಮಗೆ ಪುಣ್ಯ ಬರುತ್ತೆ."

ನಾನು ಎಷ್ಟು ಸುಲಭವಾಗಿ ಆ ಕಲೆಗೆ ಪ್ರೀತಿಯ ಕಥೆ ಕಟ್ಟಿಬಿಟ್ಟಿದ್ದೆ ಭಾವ. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಕಣ್ಣಿಗೆ ಕಂಡದ್ದೇ ಒಂದು, ನಡೆದದ್ದೇ ಒಂದು. ಇನ್ನೂ ಎಲ್ಲೆಲ್ಲಿ ಹೀಗೆ ಕಟ್ಟಿದ್ದೇನೋ.

ಎಣ್ಣೆ ಕಲೆ ತೆಗೆಯುವುದು ಹೇಗೆ, ಇದೊಂದಕ್ಕಾದರೂ ಉತ್ತರ ಬರೆಯಿರಿ.

ನಿಮ್ಮ ನಾದಿನಿ


ಮಾರ್ಚ್ 3

ಪ್ರಶ್ನೆಪತ್ರಿಕೆಗೆ,

ಜೇಡಿಮಣ್ಣನ್ನು ನುಣ್ಣಗೆ ಜರಡಿ ಹಿಡಿದು, ವಾಷಿಂಗ್ ಸೋಡಾ ಕರಗಿಸಿದ ಬಿಸಿನೀರಿನಲ್ಲಿ ಮೊಸರಿನಷ್ಟು ಗಟ್ಟಿಯಾಗಿ ಕಲಸು. ಕಲೆಯ ಮೇಲೆ ಬೆರಳು ದಪ್ಪ ಮೆತ್ತು. ಒಂದು ದಿನ ಪ್ಲಾಸ್ಟಿಕ್ ಮುಚ್ಚಿಡು, ಆಮೇಲೆ ತೆಗೆದು ಒಣಗಲು ಬಿಡು. ಒಣಗುತ್ತ ಮಣ್ಣು ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಮರದ ಚಕ್ಕೆಯಿಂದ ಕೆರೆದು ತೆಗೆ. ಒಂದು ಸಲಕ್ಕೆ ಹೋಗುವುದಿಲ್ಲ. ಮೂರೋ ನಾಲ್ಕೋ ಸಲ ಮಾಡು. ಹನ್ನೊಂದು ವರ್ಷದ್ದಲ್ಲವೇ.

ಇನ್ನು ನಿನ್ನ ಇನ್ನೊಂದು ಪ್ರಶ್ನೆ. ಆರು ವಾರದಲ್ಲಿ ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ನಿನ್ನ ಅಕ್ಕ ಮೂರು ವರ್ಷ ಒಂದೇ ಮಾತು ಹೇಳಿದಳು, ನಮ್ಮ ಮನೆಯ ಗೋಡೆ ತೊಳೆಯಿರಿ ಎಂದು. ಊರವರ ಮನೆಯೆಲ್ಲ ತೊಳೆಯುವವನಿಗೆ ಸ್ವಂತ ಮನೆಗೆ ಪುರುಸೊತ್ತಿರಲಿಲ್ಲ. ಮುಂದಿನ ತಿಂಗಳು, ಈ ಕೆಲಸ ಮುಗಿಯಲಿ, ಆ ಕೆಲಸ ಮುಗಿಯಲಿ. ಅವಳು ಹಾಸಿಗೆ ಹಿಡಿದಾಗಲೂ ನಾನು ಏಣಿಯ ಮೇಲೆ ಯಾರದೋ ಮನೆಯ ಎರಡನೆಯ ಮಹಡಿಯಲ್ಲಿದ್ದೆ. ಅವಳು ಹೋದ ಮೇಲೆ ಮೂರು ದಿನ ಒಳಗೆ ಕೂತೆ. ನಾಲ್ಕನೆಯ ದಿನ ಹೊರಗೆ ಬಂದು ನೋಡಿದರೆ ಗೋಡೆ ಹಾಗೇ ಇತ್ತು. ಅವತ್ತೇ, ಆ ಗಳಿಗೆಯಲ್ಲೇ ಮುಗಿಸಬೇಕು ಅನ್ನಿಸಿತು. ಬ್ರಷ್ ಹಿಡಿದು ನಾಲ್ಕು ದಿನ ಉಜ್ಜುವ ತಾಳ್ಮೆ ಇರಲಿಲ್ಲ. ಮಷಿನ್ ಹೊರಗೆಳೆದೆ. ಪೂರ್ತಿ ಒತ್ತಡಕ್ಕೆ ತಿರುಗಿಸಿದೆ.

ಕಪ್ಪು ಹೋಯಿತು. ಅದರ ಹಿಂದೆಯೇ ಗಾರೆಯೂ ಹೋಯಿತು. ನೀನು ತಿರುಗಿ ಹೋದ ಮೇಲೆ ಬಾಗಿಲಿನ ಎಡಗಡೆಯದು ಹಲಗೆಯ ಹಾಗೆ ಇಡಿಯಾಗಿ ಕೆಳಗೆ ಬಿತ್ತು, ಇಟ್ಟಿಗೆ ಕಾಣುವಂತೆ. ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದು ಮನೆಯ ಗಾರೆಯೂ ಬಿದ್ದಿರಲಿಲ್ಲ. ಬಿದ್ದದ್ದು ಅವಳದು. ಆ ಗೋಡೆ ನೋಡುತ್ತ ಅಲ್ಲಿ ಇರಲು ಆಗಲಿಲ್ಲ. ಅದಕ್ಕೇ ಮನೆ ಮಾರಿದೆ. ತೊಳೆದದ್ದಕ್ಕಲ್ಲ ನನಗೆ ನಾಚಿಕೆ. ತಿಳಿದೂ ತಿಳಿಯದವನ ಹಾಗೆ ತೊಳೆದೆನಲ್ಲ, ಅದಕ್ಕೆ.

ಇಲ್ಲಿ ತರಗತಿಯ ಮೊದಲ ದಿನ ಈ ಗೋಡೆಯ ಕಥೆಯನ್ನೇ ಹೇಳುತ್ತೇನೆ. ಯಾರ ಮನೆ ಎಂದು ಹೇಳುವುದಿಲ್ಲ.

ನೀನು ಅವತ್ತು ಒಂದು ಮಾತು ಆಡಿದೆ ಎಂದು ಬರೆದಿದ್ದೀಯ. ಮಷಿನ್ ಓಡುತ್ತಿತ್ತು, ನನ್ನ ಕಿವಿ ಆಗಲೇ ಅರ್ಧ ಹೋಗಿತ್ತು. ನಿನ್ನ ತುಟಿ ಅಲುಗಿದ್ದು ಕಂಡೆ, ನಿನ್ನ ಮುಖ ಕಂಡೆ. ಏನಂದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಭಾವ


ಮಾರ್ಚ್ 18

ಭಾವ,

ನಿಮ್ಮ ಕಾಗದ ಬಂದ ದಿನ ಲ್ಯಾಬಿನಲ್ಲಿ ಎರಡು ಮಾದರಿಗೆ ತಪ್ಪು ಚೀಟಿ ಅಂಟಿಸಿದೆ. ನನ್ನ ಜೊತೆಯವಳು ನೋಡಿ ಸರಿಪಡಿಸಿ, ಮನೆಗೆ ಕಳಿಸಿದಳು.

ಐದು ವರ್ಷ ನಾನು ಆ ಮಾತನ್ನು ಹೊತ್ತು ತಿರುಗಿದ್ದೇನೆ. ಆ ಮಾತಿಗೇ ನೀವು ಊರು ಬಿಟ್ಟಿರಿ ಎಂದು ನಂಬಿದ್ದೆ. ಅದು ನಿಮ್ಮನ್ನು ಮುಟ್ಟಲೇ ಇಲ್ಲವೆಂದರೆ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಏನಂದೆ ಎಂದು ಈಗ ಬರೆಯುವುದಿಲ್ಲ. ನೀವು ಕೇಳಿದರೂ ಬರೆಯುವುದಿಲ್ಲ. ಅದರ ಬದಲು ಅಕ್ಕ ಆಡಿದ್ದ ಒಂದು ಮಾತನ್ನು ಬರೆಯುತ್ತೇನೆ. ಇದನ್ನು ಬರೆಯಬೇಕೋ ಬೇಡವೋ ಎಂದು ಒಂದು ವಾರ ತೂಗಿದೆ. ನಿಮಗೆ ನೋವಾಗುತ್ತದೆ. ಆದರೆ ನೀವು ಆ ಗೋಡೆಯ ಕಥೆಯನ್ನು ತಪ್ಪಾಗಿ ಪಾಠ ಮಾಡುತ್ತಿದ್ದೀರಿ.

ಅವಳು ಹೋಗುವ ಹಿಂದಿನ ವರ್ಷ ಒಂದು ಮಧ್ಯಾಹ್ನ ನಿಮ್ಮ ಮನೆಯ ಮುಂದೆ ನಾವಿಬ್ಬರೂ ಬಟ್ಟೆ ಮಡಿಸುತ್ತ ಕೂತಿದ್ದೆವು. ಗೋಡೆ ತೋರಿಸಿ, ಅಕ್ಕ, ಇದಕ್ಕೆ ಯಾಕೆ ಇಷ್ಟು ಹಟ, ಭಾವನಿಗೆ ಬಿಡುವಿಲ್ಲದಿದ್ದರೆ ಬೇರೆ ಯಾರಿಂದಾದರೂ ತೊಳೆಸು ಎಂದೆ. ಅವಳು ನಕ್ಕಳು.

"ಗೋಡೆ ಕಪ್ಪಗಿದ್ರೆ ನನಗೇನೇ? ಸುಣ್ಣದ ಗೋಡೆ, ಕೈಯಲ್ಲೇ ಉಜ್ಜಬೇಕು, ನಾಲ್ಕು ದಿನ ಹಿಡಿಯುತ್ತೆ ಅಂತ ಅವರೇ ಹೇಳಿದ್ದು. ಅಂದ್ರೆ ನಾಲ್ಕು ದಿನ ಮನೇಲಿರ್ತಾರೆ. ಅಷ್ಟೇ ಲೆಕ್ಕ."

ಅವಳಿಗೆ ಗಾರೆ ಬೀಳಿಸಿದ್ದರ ಸಿಟ್ಟು ಇರಲಾರದು ಭಾವ. ಗೋಡೆ ಅವಳ ನೆವ ಅಷ್ಟೆ.

ಮಣ್ಣು ಮೆತ್ತುವುದು ಮೂರು ಸಲ ಆಯಿತು. ಕಲೆ ಈಗ ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟಿದೆ. ಬೈಂಡಿಂಗ್‌ನವರು ಬಂದು ನೋಡಿ, ಆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಹೋದರು. ಉತ್ತರದ ಗೋಡೆಯ ಪೊಳ್ಳು ಜಾಗಕ್ಕೆ ಮಾತ್ರ ಏನೂ ಮಾಡಿಲ್ಲ. ಸುಣ್ಣದ ಗಾರೆ ಬಲ್ಲವರು ಈ ಊರಿನಲ್ಲಿ ಯಾರೂ ಸಿಗುತ್ತಿಲ್ಲ. ಹುಡುಕುವುದನ್ನು ನಿಲ್ಲಿಸಿದ್ದೇನೆ.

ಪ್ರಶ್ನೆಪತ್ರಿಕೆ


ಏಪ್ರಿಲ್ 9

ತಂಗಿ,

ಓದಿದೆ. ಎರಡು ದಿನ ತರಗತಿಗೆ ಹೋಗಲಿಲ್ಲ. ಮೂರನೆಯ ದಿನ ಹೋಗಿ ರಜೆಗೆ ಬರೆದುಕೊಟ್ಟೆ.

ಹದಿನಾರನೆಯ ತಾರೀಕು ಬೆಳಗಿನ ಬಸ್ಸಿಗೆ ಬರುತ್ತೇನೆ. ಸುಣ್ಣ ನಾನೇ ತರುತ್ತೇನೆ, ಇಲ್ಲಿ ನೆನೆಸಿಟ್ಟದ್ದಿದೆ. ನೀನು ಮರಳು ತರಿಸಿ ಜರಡಿ ಹಿಡಿಸಿಡು. ಹಿಂದಿನ ಸಂಜೆ ಗೋಡೆಗೆ ನೀರು ಚಿಮುಕಿಸು, ಒಣ ಗೋಡೆಗೆ ಗಾರೆ ಹಿಡಿಯುವುದಿಲ್ಲ. ನನ್ನ ಷಡ್ಡಕನಿಗೆ ಏಣಿ ಹಿಡಿಯುವ ಕೆಲಸವಿದೆ ಎಂದು ಹೇಳು.

ನೀನು ಗೆರೆ ಎಳೆದಿರುವ ಅಗಲ ನೋಡಿದರೆ ಮೂರು ದಿನದ ಕೆಲಸ. ನಾನು ಹತ್ತು ದಿನ ಇರುತ್ತೇನೆ.

ನಿನ್ನ ಭಾವ